ಜಾನಿ ಕೇಜ್ ಗೊತ್ತು, ಗಂಡುಗಲಿ ಯಾರು?

ಕನ್ನಡದ ಹುಡುಗರೇ, ಒಂದು ಚಿಕ್ಕ ಪರೀಕ್ಷೆ. ಪಕ್ಕದವನ ಮುಖ ನೋಡದೆ ಉತ್ತರ ಹೇಳಿ. ಜಾನಿ ಕೇಜ್ ಯಾರು? ಗಂಡುಗಲಿ ಯಾರು?

ಮೊದಲನೇ ಪ್ರಶ್ನೆಗೆ ನಿಮ್ಮಲ್ಲಿ ಮುಕ್ಕಾಲು ಜನ ಕೈ ಎತ್ತುತ್ತೀರಿ. ‘ಮಾರ್ಟಲ್ ಕಾಂಬ್ಯಾಟ್’ ಆಟದ ಹಾಲಿವುಡ್ ಫೈಟಿಂಗ್ ಹೀರೋ. ಕಪ್ಪು ಕನ್ನಡಕ, ಬಾಯಿ ತುಂಬ ಜಂಬ. ಕಾಲು ಎರಡೂ ಕಡೆ ಚಾಚಿ ನೆಲಕ್ಕೆ ಕೂತು ಎದುರಿಗಿದ್ದವನ ಬೇಡದ ಜಾಗಕ್ಕೆ ಗುದ್ದುತ್ತಾನಲ್ಲ, ಅವನೇ. ಎರಡನೇ ಪ್ರಶ್ನೆಗೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಿಂದ ಹಿಡಿದು ಹೊಸಕೋಟೆ ಸರ್ಕಲ್ಲಿನವರೆಗೂ ಒಂದೇ ಉತ್ತರ: ‘ಯಾರಣ್ಣ ಅದು, ಪೈಲ್ವಾನ್ರಾ?’

ಗಂಡುಗಲಿ ಅಂದರೆ ನಮ್ಮ ಶಂಕರಣ್ಣ. ಆಟೋಗಳ ಹಿಂದೆ ನೀವು ದಿನಾ ನೋಡುವ ಅದೇ ಶಂಕರ್‌ನಾಗ್. ೧೯೭೮ರಲ್ಲಿ ಗಿರೀಶ್ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಎಂಬ ಸಿನಿಮಾ ಮಾಡಿದರು. ಕೂಲಿಗೆ ಕತ್ತಿ ಹಿಡಿಯುವ ಸೈನಿಕರ ಕತೆ. ಜಪಾನಿನ ಕುರೊಸಾವಾ ಸಿನಿಮಾಗಳ ಗಾಳಿ ಬೀಸಿದ್ದು ನಿಜ, ಆದರೆ ಮಾತು ಕನ್ನಡದ್ದು, ಮಣ್ಣು ಕನ್ನಡದ್ದು. ಅದರಲ್ಲಿ ಗಂಡುಗಲಿ ಪಾತ್ರ ಮಾಡಿದ ಶಂಕರ್‌ನಾಗ್‌ಗೆ ಅದು ಮೊದಲ ಸಿನಿಮಾ. ಎದುರಿಗೆ ಪೆರುಮಾಡಿಯಾಗಿ ನಿಂತವರು ಸುಂದರಕೃಷ್ಣ ಅರಸ್. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್‌ನಾಗ್‌ಗೆ ಶ್ರೇಷ್ಠ ನಟ ಎಂದು ಬೆಳ್ಳಿ ನವಿಲು ತಂದುಕೊಟ್ಟ ಪಾತ್ರ ಅದು.

ಇಂಥ ಒಬ್ಬ ಕತ್ತಿಯಾಳು ಅಮೆರಿಕದಲ್ಲೋ ಜಪಾನಿನಲ್ಲೋ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಅವನ ಹೆಸರಿನಲ್ಲಿ ಹತ್ತು ಆಟ ಬಂದಿರುತ್ತಿತ್ತು. ನಮ್ಮಲ್ಲಿ ಹುಟ್ಟಿದ, ಆಟೋ ಹಿಂದಿನ ಸ್ಟಿಕ್ಕರ್ ಆದ.

ಜಾನಿ ಕೇಜ್ ಎಂಬ ಆಸಾಮಿ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೋಡಿ. ಕೇಜ್ ಎಂಬ ನಟ ಯಾವ ದೇಶದಲ್ಲೂ ಇಲ್ಲ. ೧೯೯೨ರಲ್ಲಿ ಅಮೆರಿಕದ ಮಿಡ್‌ವೇ ಕಂಪನಿಯ ಎಡ್ ಬೂನ್, ಜಾನ್ ಟೋಬಿಯಾಸ್ ಇಬ್ಬರು ಮುಖ್ಯವಾಗಿ ಕೂತು ಆ ಆಟ ಕಟ್ಟಿದರು. ಮೊದಲು ಅವರಿಗೆ ಬೇಕಾಗಿದ್ದವನು ನಿಜವಾದ ಸ್ಟಾರು, ‘ಬ್ಲಡ್‌ಸ್ಪೋರ್ಟ್’ ಖ್ಯಾತಿಯ ವ್ಯಾನ್ ಡ್ಯಾಮ್. ಅದು ಕೈಗೂಡಲಿಲ್ಲ. ಸರಿ, ನಾವೇ ಒಬ್ಬ ನಟನನ್ನು ಹುಟ್ಟಿಸೋಣ ಅಂದರು. ಇಲ್ಲದ ನಟ, ಅವನಿಗೆ ಇಲ್ಲದ ಸಿನಿಮಾಗಳ ಪಟ್ಟಿ, ಇಲ್ಲದ ಅಭಿಮಾನಿಗಳು. ಜೊತೆಗೊಂದು ಚೆನ್ನಾದ ಕತೆ ಬೇರೆ: ಪತ್ರಿಕೆಯವರೆಲ್ಲ ‘ಇವನ ಫೈಟು ಡೂಪು, ಎಲ್ಲ ಕ್ಯಾಮೆರಾ ಚಮತ್ಕಾರ’ ಅಂತ ಬರೆಯುತ್ತಾರೆ, ಅದು ಸುಳ್ಳು ಅಂತ ತೋರಿಸೋಕೆ ಇವನು ನಿಜವಾದ ಕಾಳಗಕ್ಕೆ ಇಳಿಯುತ್ತಾನೆ. ಮರುವರ್ಷ, ೧೯೯೩ರಲ್ಲಿ, ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸೂಪರ್ ಸ್ಟ್ರೀಟ್ ಫೈಟರ್ ೨’ ತಂದಿತು. ಅದರಲ್ಲಿ ಫೇ ಲಾಂಗ್ ಅಂತ ಹಾಂಕಾಂಗಿನ ಸಿನಿಮಾ ನಟ. ಮುಖ ನೋಡಿದರೆ ಬ್ರೂಸ್ ಲೀ, ಕಿರುಚಿದರೆ ಬ್ರೂಸ್ ಲೀ, ಹೆಸರು ಮಾತ್ರ ಬೇರೆ. ಬ್ರೂಸ್ ಲೀ ೧೯೭೩ರಲ್ಲೇ ತೀರಿಕೊಂಡವರು. ಇಪ್ಪತ್ತು ವರ್ಷದ ಮೇಲೂ ಅವರ ನೆರಳಿಗೆ ಕೂಲಿ ಕೊಡದೆ ದುಡಿಸಿಕೊಂಡರು ನೋಡಿ!

ಇದು ಒಂದೆರಡು ದಿನದ ಕೆಲಸ ಅಲ್ಲ. ಬ್ರೂಸ್ ಲೀ ಅರ್ಧಕ್ಕೆ ಬಿಟ್ಟುಹೋದ ‘ಗೇಮ್ ಆಫ್ ಡೆತ್’ನಲ್ಲಿ ಹೀರೋ ಒಂದು ಗೋಪುರ ಹತ್ತುತ್ತಾನೆ, ಮಹಡಿಗೊಬ್ಬ ಎದುರಾಳಿ. ೧೯೮೪ರಲ್ಲಿ ಬಂದ ‘ಕುಂಗ್ ಫೂ ಮಾಸ್ಟರ್’ ಆಟದಲ್ಲೂ ಹೀರೋ ಮಹಡಿ ಮೇಲೆ ಮಹಡಿ ಹತ್ತುತ್ತಾನೆ, ಮಹಡಿಗೊಬ್ಬ ಎದುರಾಳಿ. ಆ ಆಟಕ್ಕೆ ಜಪಾನಿನಲ್ಲಿ ಇಟ್ಟ ಹೆಸರು ‘ಸ್ಪಾರ್ಟನ್ ಎಕ್ಸ್’, ಅದು ಜಾಕಿ ಚಾನ್ ಸಿನಿಮಾಗೆ ಅಲ್ಲಿದ್ದ ಹೆಸರು. ಅದನ್ನು ಮಾಡಿದ ನಿಶಿಯಾಮಾ ಎಂಬುವವರೇ ೧೯೮೭ರಲ್ಲಿ ಮೊದಲ ‘ಸ್ಟ್ರೀಟ್ ಫೈಟರ್’ ಮಾಡಿದರು. ಸಿನಿಮಾದಿಂದ ಆಟ, ಆಟದಿಂದ ಮತ್ತೊಂದು ಆಟ, ಆಟದಿಂದ ಮತ್ತೆ ಸಿನಿಮಾ. ಅವರು ತಮ್ಮ ಊರಿನ ಫೈಟಿಂಗ್ ಸಿನಿಮಾವನ್ನು ಬಿಸಾಡಲಿಲ್ಲ, ಕಬ್ಬಿನ ಗಾಣಕ್ಕೆ ಮತ್ತೆ ಮತ್ತೆ ಹಾಕಿದ ಹಾಗೆ ಹಿಂಡಿದರು.

ತಮಾಷೆ ನೋಡಿ, ೨೦೨೩ರಲ್ಲಿ ಬಂದ ಹೊಸ ‘ಮಾರ್ಟಲ್ ಕಾಂಬ್ಯಾಟ್’ನಲ್ಲಿ ಕೊನೆಗೂ ವ್ಯಾನ್ ಡ್ಯಾಮ್ ಬಂದ. ಹೇಗೆ? ಜಾನಿ ಕೇಜ್‌ಗೆ ತೊಡಿಸುವ ವೇಷವಾಗಿ! ನಿಜವಾದ ನಟ ಸುಳ್ಳು ನಟನಿಗೆ ಅಂಗಿಯಾದ. ಪಾತ್ರ ಗಟ್ಟಿಯಾಗಿದ್ದರೆ ಹೀಗಾಗುತ್ತದೆ.

‘ಆಟಕ್ಕೆ ಭಾಷೆ ಎಲ್ಲಿದೆ ಅಣ್ಣ?’

ಹೀಗಂತ ನಮ್ಮ ಪ್ರೆಸ್ಸಿಗೆ ಬರುವ ಕಾಲೇಜು ಹುಡುಗರು ಕೇಳುತ್ತಾರೆ. ಗುಂಡಿ ಒತ್ತಿದರೆ ಗುದ್ದುತ್ತಾನೆ, ಒತ್ತದಿದ್ದರೆ ಸುಮ್ಮನಿರುತ್ತಾನೆ, ಇದರಲ್ಲಿ ಕನ್ನಡ ಇಂಗ್ಲಿಷು ಎಲ್ಲಿಂದ ಬಂತು ಅನ್ನುವುದು ಅವರ ವಾದ.

ಸರಿ. ಹಾಗಾದರೆ ಕ್ರಿಕೆಟ್ ಆಡುವಾಗ ಕೊನೇ ವಿಕೆಟ್ಟಿಗೆ ಬೌಲಿಂಗ್ ಮಾಡುವವನಿಗೆ ನೀವು ಏನು ಕೂಗುತ್ತೀರಿ? ‘ಫಿನಿಶ್ ಹಿಮ್!’ ಅದು ಎಲ್ಲಿಂದ ಬಂತು? ಆ ಆಟದಿಂದಲೇ ಬಂತು. ‘ಮುಗಿಸೋ ಅವನ್ನ’ ಅಂತ ನಮ್ಮಪ್ಪಂದಿರು ಕಬಡ್ಡಿ ಅಂಗಳದಲ್ಲಿ ಕೂಗುತ್ತಿದ್ದ ಮಾತು ನಿಮ್ಮ ಬಾಯಿಂದ ಯಾವಾಗ ಜಾರಿಹೋಯಿತು ಅಂತ ನಿಮಗೇ ಗೊತ್ತಿಲ್ಲ. ಜಾನಿ ಕೇಜ್‌ನ ಬಾಯಿ ಹೊಲಿದುಬಿಡಿ, ಅವನಲ್ಲಿ ಉಳಿಯುವುದೇನು? ಗುದ್ದುವವರು ಆ ಆಟದಲ್ಲಿ ಹತ್ತಾರು ಜನ ಇದ್ದಾರೆ. ಅವನನ್ನು ಅವನನ್ನಾಗಿ ಮಾಡಿದ್ದು ಅವನ ಕೊಬ್ಬಿನ ಮಾತು. ಆ ಕೊಬ್ಬು ಇಂಗ್ಲಿಷಿನಲ್ಲಿದೆ. ದಿನಕ್ಕೆ ಎರಡು ತಾಸು ಅವನ ಪಾತ್ರ ಹಾಕುವ ಹುಡುಗನಿಗೆ, ಗೆದ್ದವನು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ ಎಂಬುದು ಯಾರೂ ಹೇಳಿಕೊಡದೆ ಪಾಠವಾಗುತ್ತದೆ.

ಇನ್ನು ಅವರು ನಮ್ಮ ಪಾಲಿಗೆ ಕೊಟ್ಟ ಪಾತ್ರ ಯಾವುದು? ೧೯೯೧ರ ‘ಸ್ಟ್ರೀಟ್ ಫೈಟರ್ ೨’ರಲ್ಲಿ ಭಾರತದವನು ಅಂತ ಒಬ್ಬ ಧಾಲ್ಸಿಮ್. ಬಡಕಲು ಮೈ, ಬೋಳು ತಲೆ, ಕೊರಳಲ್ಲಿ ತಲೆಬುರುಡೆಯ ಸರ. ಕೈ ರಬ್ಬರಿನ ಹಾಗೆ ಹತ್ತಡಿ ಉದ್ದ ಬರುತ್ತದೆ, ಬಾಯಿಂದ ಬೆಂಕಿ ಉಗುಳುತ್ತಾನೆ, ಉಗುಳುವಾಗ ‘ಯೋಗ’ ಅಂತಾನೆ! ಹಿಂದೆ ಸಾಲಾಗಿ ಆನೆಗಳು. ಹಾಂಕಾಂಗಿನವನಿಗೆ ಸಿನಿಮಾ ಸ್ಟಾರ್ ಪಟ್ಟ, ಅಮೆರಿಕದವನಿಗೆ ಸೇನೆಯ ದಿರಿಸು, ನಮ್ಮವನಿಗೆ ತಲೆಬುರುಡೆ. ನಾವು ನಮ್ಮ ಪಾತ್ರ ಬರೆದುಕೊಳ್ಳದಿದ್ದರೆ ಪಕ್ಕದ ಮನೆಯವನು ಬರೆದುಕೊಡುತ್ತಾನೆ, ಅವನಿಗೆ ತೋಚಿದ ಹಾಗೆ.

ಒಂದನೇ ದುರ್ಯೋಧನ, ಎರಡನೇ ದುರ್ಯೋಧನ

ನಾನು ಪ್ರೆಸ್ಸಿನವನು. ಪಿಯುಸಿ ಮುಗಿಸಿ ಅಪ್ಪನ ಜೊತೆ ಕೂತವನು. ಮದುವೆ ಪತ್ರಿಕೆ, ಬಿಲ್ ಬುಕ್ಕು, ಸೊಸೈಟಿ ಚುನಾವಣೆಯ ಚೀಟಿ, ಇವುಗಳ ಮಧ್ಯೆ ವರ್ಷವರ್ಷವೂ ತಪ್ಪದೆ ಬರುವ ಕೆಲಸ ಒಂದಿದೆ: ‘ಕುರುಕ್ಷೇತ್ರ’ ನಾಟಕದ ಪಾಂಪ್ಲೆಟ್ಟು. ನಗರದಲ್ಲಿ ಬೆಳೆದವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ಕಡೆ, ಆಚೆಗೆ ತುಮಕೂರು, ಕೋಲಾರದ ಕಡೆ ಊರೂರಲ್ಲಿ ಈ ನಾಟಕ ಆಡುತ್ತಾರೆ. ಆಡುವವರು ಯಾರೂ ಕಂಪನಿ ನಟರಲ್ಲ. ಹೊಲ ಉಳುವವರು, ಮಗ್ಗದವರು, ಹಾಲಿನ ಡೇರಿ ಸೆಕ್ರೆಟರಿ, ಬಸ್ ಕಂಡಕ್ಟರು. ಇವರಿಗೆ ಸಂಬಳ ಇಲ್ಲ. ತಿರುಗಿ ಇವರೇ ಪಾತ್ರಕ್ಕೆ ದುಡ್ಡು ಕಟ್ಟಬೇಕು! ಕೃಷ್ಣ, ದುರ್ಯೋಧನ, ಭೀಮ ಅಂದರೆ ದುಬಾರಿ ಪಾತ್ರಗಳು. ವಿದುರನಿಗೆ ಕಡಿಮೆ. ಒಬ್ಬನ ಕೈಲಿ ಆಗದಿದ್ದರೆ ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ, ಅದಕ್ಕೇ ಪಾಂಪ್ಲೆಟ್ಟಿನಲ್ಲಿ ‘೧ನೇ ದುರ್ಯೋಧನ’, ‘೨ನೇ ದುರ್ಯೋಧನ’ ಅಂತ ಇಬ್ಬರ ಫೋಟೋ ಬರುತ್ತದೆ. ಆ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಯ ಡ್ರೆಸ್ಸು ಸೀನರಿ, ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆ, ಪೆಂಡಾಲು, ಎಲ್ಲ ನಡೆಯಬೇಕು. ತಿಂಗಳುಗಟ್ಟಲೆ ರಾತ್ರಿ ಊಟ ಆದಮೇಲೆ ತಾಲೀಮು. ಆಮೇಲೆ ಒಂದು ರಾತ್ರಿ ರಂಗದ ಮೇಲೆ ಗದೆ ಹಿಡಿದು ಬೆಳಗಿನ ಜಾವದವರೆಗೂ ಕಾಳಗ. ಊರಿನವರು ನೋಟಿನ ಹಾರ ಹಾಕುತ್ತಾರೆ, ‘ಒನ್ಸ್ ಮೋರ್’ ಅನ್ನುತ್ತಾರೆ.

ಈಗ ನೀವೇ ಹೇಳಿ, ಇದು ಏನು? ನೀವು ‘ರೋಲ್ ಪ್ಲೇಯಿಂಗ್ ಗೇಮ್’ ಅಂತ ನಾಲಿಗೆ ಹೊರಳಿಸಿ ಹೇಳುವುದು ಇದೇ ತಾನೆ? ‘ಪ್ಲೇಯರ್ ಒನ್, ಪ್ಲೇಯರ್ ಟೂ’ ಅನ್ನುವುದು ನಮ್ಮ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ತಾನೆ? ನೀವು ಮೊಬೈಲಿನಲ್ಲಿ ಪಾತ್ರಕ್ಕೆ ಹೊಸ ಅಂಗಿ ತೊಡಿಸಲು ಅಪ್ಪನ ದುಡ್ಡು ಕಟ್ಟುತ್ತೀರಿ. ಆ ಡೇರಿ ಸೆಕ್ರೆಟರಿ ತನ್ನ ದುಡ್ಡು ಕಟ್ಟಿ ತಾನೇ ಅಂಗಿ ತೊಡುತ್ತಾನೆ. ಆದರೆ ಅವನನ್ನು ನೋಡಿ ನಗುವವರು ನೀವು! ‘ಪೌರಾಣಿಕ ನಾಟಕನಾ, ಅಯ್ಯೋ’ ಅಂತ. ದುರ್ಯೋಧನ ಹೊಡೆಯುವುದಕ್ಕಿಂತ ಹೆಚ್ಚು ಮಾತಾಡುತ್ತಾನೆ ಎಂಬುದು ನಿಮ್ಮ ದೂರು. ಸ್ವಾಮಿ, ಆ ಮಾತಿಗೇ ಜನ ರಾತ್ರಿಯಿಡೀ ಕೂರುವುದು. ಎಂಟನೇ ಕ್ಲಾಸು ದಾಟದವನು ರಂಗದ ಮೇಲೆ ನಿಂತು ಉಸಿರುಗಟ್ಟಿ ಹೇಳುವ ಆ ಕನ್ನಡವನ್ನು ಎಂಎ ಓದಿದವರು ಒಂದು ಸಲ ತಪ್ಪಿಲ್ಲದೆ ಹೇಳಲಿ ನೋಡೋಣ.

ಕನ್ನಡದವನಿಗೆ ಪಾತ್ರ ಹಾಕುವ ಹುಚ್ಚು ಇಲ್ಲ, ಅದಕ್ಕೇ ಕನ್ನಡದಲ್ಲಿ ಆಟ ಓಡಲ್ಲ ಅನ್ನುವ ಬುದ್ಧಿವಂತರು ಒಂದು ರಾತ್ರಿ ನಮ್ಮ ಕಡೆ ಬಂದು ಪೆಂಡಾಲಿನಲ್ಲಿ ಕೂರಲಿ.

ಸರಕು ಇಲ್ಲ ಅನ್ನಬೇಡಿ

ಕಾಳಗದ ಸರಕು ನಮ್ಮಲ್ಲಿ ಇಲ್ಲ ಅನ್ನುವುದು ಇನ್ನೊಂದು ನೆಪ. ಮೈಸೂರು ದಸರಾದ ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ಆಗುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳ ಗೆಣ್ಣಿಗೆ ಚೂಪಾದ ಆಯುಧ ತೊಟ್ಟು, ಜೋಡಿ ಜೋಡಿಯಾಗಿ ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಬಂದರೆ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಕಾಳಗದ ಮುಂದೆ ನಿಮ್ಮ ಮಾರ್ಟಲ್ ಕಾಂಬ್ಯಾಟ್ ಯಾವ ಲೆಕ್ಕ? ಒಂದು ವ್ಯತ್ಯಾಸ ಇದೆ. ಇಲ್ಲಿ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ, ಅಲ್ಲಿ ರಕ್ತ ಬಂದಮೇಲೆ ಶುರು ಮಾಡುತ್ತಾರೆ.

ಹನ್ನೆರಡನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಬರೆದದ್ದು ಸಂಸ್ಕೃತದಲ್ಲಿ, ಇರಲಿ, ದೊರೆ ನಮ್ಮವನು. ಅದರಲ್ಲಿ ‘ಮಲ್ಲವಿನೋದ’ ಅಂತ ಒಂದು ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ದರ್ಜೆಗೆ ಹಾಕುತ್ತಾನೆ. ಯಾವ ಸಾಮು ಮಾಡಬೇಕು, ಏನು ತಿನ್ನಬೇಕು, ಬೇಳೆ, ಮಾಂಸ, ಹಾಲು, ಸಕ್ಕರೆ, ಎಲ್ಲ ಬರೆದಿದ್ದಾನೆ. ಪಟ್ಟುಗಳ ಹೆಸರು ಪಟ್ಟಿ ಮಾಡಿದ್ದಾನೆ. ನಿಮ್ಮ ಆಟಗಳಲ್ಲಿ ಪಾತ್ರ ಆರಿಸುವಾಗ ಬಲ ಇಷ್ಟು, ಚುರುಕು ಇಷ್ಟು, ಆಯಸ್ಸು ಇಷ್ಟು ಅಂತ ಪಟ್ಟಿ ಬರುತ್ತದಲ್ಲ, ಅದನ್ನು ಸುಮಾರು ಒಂಬೈನೂರು ವರ್ಷದ ಹಿಂದೆ ಕನ್ನಡ ನಾಡಿನ ರಾಜ ಕೂತು ಬರೆದಿಟ್ಟಿದ್ದ.

ಅಷ್ಟು ದೂರ ಯಾಕೆ, ನಿಮ್ಮ ಊರಿನ ಗರಡಿಗೆ ಹೋಗಿ. ಪಟ್ಟು, ವರಸೆ, ಸಾಮು, ಮಟ್ಟಿ, ಬಸ್ಕಿ, ಗದೆ, ದೊಣ್ಣೆವರಸೆ. ಈ ಮಾತುಗಳಲ್ಲಿ ಎಷ್ಟು ನಿಮಗೆ ಗೊತ್ತು? ‘ಅಪ್ಪರ್ ಕಟ್’, ‘ರೌಂಡ್ ಹೌಸ್ ಕಿಕ್’ ಎಲ್ಲರಿಗೂ ಗೊತ್ತು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದಲ್ಲಿ ಕರಗ ಹೊರಡುವಾಗ ಕತ್ತಿ ಹಿಡಿದು ಸುತ್ತ ನಡೆಯುವ ವೀರಕುಮಾರರನ್ನು ನಿಂತು ಮೊಬೈಲಿನಲ್ಲಿ ಹಿಡಿಯುತ್ತೀರಿ, ಅದೇ ಮೊಬೈಲಿನಲ್ಲಿ ಮನೆಗೆ ಹೋಗಿ ಸಮುರಾಯ್ ಆಗುತ್ತೀರಿ. ಸಮುರಾಯ್ ಆಗಬೇಡಿ ಅನ್ನುವುದಿಲ್ಲ. ವೀರಕುಮಾರ ಆಗೋಣ ಅಂದರೆ ಆಗಲಿಕ್ಕೆ ಆಟವೇ ಇಲ್ಲವಲ್ಲ, ಅದು ನನ್ನ ಸಿಟ್ಟು.

ಡೂಪು ಇಲ್ಲದೆ ಹಾರಿದವರು

ಜಾನಿ ಕೇಜ್ ‘ನನ್ನದು ಡೂಪಲ್ಲ’ ಅಂತ ತೋರಿಸಲು ಕಾಳಗಕ್ಕೆ ಇಳಿದ ಅಂದೆನಲ್ಲ. ಆ ಕೇಜ್‌ಗೆ ಮೈ ಕೊಟ್ಟವನು ಕಾಳಗದ ವಿದ್ಯೆಯನ್ನು ನಿಜವಾಗಿ ಕಲಿತ ಒಬ್ಬ ಆಳು, ಡೇನಿಯಲ್ ಪೆಸಿನಾ. ಕ್ಯಾಮೆರಾ ಮುಂದೆ ಒಂದೊಂದು ಒದೆ, ಒಂದೊಂದು ಗುದ್ದು ಮಾಡಿ ತೋರಿಸಿದ್ದನ್ನೇ ಕಂಪ್ಯೂಟರಿಗೆ ಇಳಿಸಿದರು. ಆಟ ಕೋಟಿಗಟ್ಟಲೆ ದುಡಿಯಿತು. ನನ್ನ ಮೈಯನ್ನು ಬಳಸಿ ಮನೆಯಲ್ಲಿ ಆಡುವ ಕ್ಯಾಸೆಟ್ಟನ್ನೂ ಮಾರಿದರು ಅಂತ ಪೆಸಿನಾ ಕೋರ್ಟಿಗೆ ಹೋದ. ೧೯೯೬ರಲ್ಲಿ ಸೋತ. ಇಲ್ಲದ ನಟ ಲೋಕಪ್ರಸಿದ್ಧನಾದ, ಇದ್ದ ಮನುಷ್ಯ ಕೋರ್ಟಿನ ಮೆಟ್ಟಿಲು ಇಳಿದು ಮನೆಗೆ ಹೋದ.

ನಮ್ಮಲ್ಲಿ ಇದಕ್ಕಿಂತ ಕೆಟ್ಟದ್ದಾಯಿತು. ನಮ್ಮ ದೊಡ್ಡಬಳ್ಳಾಪುರದ ಕಡೆ ಹಾದುಹೋಗುವ ಅರ್ಕಾವತಿ, ನೆಲಮಂಗಲದ ಶಿವಗಂಗೆ ಕಡೆಯ ಕುಮುದ್ವತಿ, ಎರಡೂ ಹೋಗಿ ಸೇರುವುದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ. ೨೦೧೬ರ ನವೆಂಬರ್ ೭ರಂದು ಅಲ್ಲಿ ‘ಮಾಸ್ತಿ ಗುಡಿ’ ಸಿನಿಮಾದ ಫೈಟಿಂಗ್ ಶೂಟಿಂಗ್. ಹೆಲಿಕಾಪ್ಟರಿನಿಂದ ಮೂರು ಜನ ನೀರಿಗೆ ಹಾರಿದರು. ಹೀರೋ ವಿಜಯ್ ಬದುಕಿ ಬಂದರು. ಖಳನ ಪಾತ್ರದ ಅನಿಲ್, ಉದಯ್ ಮೇಲೆ ಬರಲಿಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಇಬ್ಬರೂ ದೇಹ ದಂಡಿಸಿ ಬೆಳೆದ ಹುಡುಗರು. ಸಿನಿಮಾ ಮರುವರ್ಷ ಬಿಡುಗಡೆ ಆಯಿತು.

ಆಟದಲ್ಲಿ ಸತ್ತರೆ ‘ಕಂಟಿನ್ಯೂ?’ ಅಂತ ಕೇಳುತ್ತದೆ, ಹತ್ತರಿಂದ ಒಂದರವರೆಗೆ ಎಣಿಸುತ್ತದೆ. ತಿಪ್ಪಗೊಂಡನಹಳ್ಳಿಯಲ್ಲಿ ಎಣಿಸುವವರು ಇರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಗಾಂಧಿನಗರಕ್ಕೆ ಫೈಟರ್ ಅಂದರೆ ಬಿದ್ದು ಎದ್ದು ಹೋಗುವ ದೇಹ, ಅಷ್ಟೇ. ಹೀರೋ ಒಬ್ಬನಿಗೆ ಕಟೌಟು, ಹಾಲಿನ ಅಭಿಷೇಕ. ಹೊಡೆಸಿಕೊಂಡು ಬಿದ್ದ ಇಪ್ಪತ್ತು ಜನಕ್ಕೆ ತೆರೆಯ ಮೇಲೆ ಹೆಸರು ಓಡುವುದನ್ನೂ ಯಾರೂ ಓದುವುದಿಲ್ಲ, ಅಷ್ಟು ಹೊತ್ತಿಗೆ ನಾವು ಪಾರ್ಕಿಂಗ್ ಹತ್ತಿರ ಇರುತ್ತೇವೆ. ಇದೇ ಕನ್ನಡ ಸಿನಿಮಾರಂಗದಲ್ಲಿ ಸ್ಟಂಟ್ ಮಾಡುತ್ತ ಬಂದ ಪ್ರಭಾಕರ್ ‘ಟೈಗರ್’ ಆದರು, ಹೀರೋ ಆದರು. ‘ಕೆಜಿಎಫ್’ ಮೊದಲ ಭಾಗದ ಫೈಟಿಂಗ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಹೊಡೆದಾಟದ ಕಸುಬು ನಮ್ಮಲ್ಲಿ ಕಡಿಮೆ ಇಲ್ಲ. ಆ ಕಸುಬುದಾರನ ಕತೆಯನ್ನು ಪಾತ್ರ ಮಾಡುವ ಬುದ್ಧಿ ಕಡಿಮೆ.

ನಾನೇ ಒಂದು ಪಾತ್ರ ಕೊಡುತ್ತೇನೆ, ತೆಗೆದುಕೊಳ್ಳಿ. ಹೆಸರು ‘ಡೂಪ್ ದೊರೆ’. ಊರು ದೊಡ್ಡಬಳ್ಳಾಪುರ, ಅಪ್ಪನದು ಎರಡು ಪವರ್‌ಲೂಮು. ಮಗ್ಗದ ಸದ್ದಿನ ಲಯದಲ್ಲೇ ಕೈ ಬೀಸುತ್ತಾನೆ. ಹಗಲು ಗಾಂಧಿನಗರದಲ್ಲಿ ಹೀರೋಗೆ ಡೂಪು, ರಾತ್ರಿ ಊರಿನ ನಾಟಕದಲ್ಲಿ ೨ನೇ ಭೀಮ. ಅವನ ಮುಖ ಯಾರಿಗೂ ಗೊತ್ತಿಲ್ಲ, ಅವನ ಬೆನ್ನು ಇಡೀ ಕರ್ನಾಟಕಕ್ಕೆ ಗೊತ್ತು. ಬೈದರೆ ನಮ್ಮ ಕಡೆಯ ಕನ್ನಡದಲ್ಲಿ ಬೈಯುತ್ತಾನೆ. ಇವನಿಗೆ ಏನು ಕಡಿಮೆ ಆಯಿತು ಜಾನಿ ಕೇಜ್‌ಗಿಂತ? ಗಂಡುಗಲಿಯನ್ನೇ ಆಟಕ್ಕೆ ಇಳಿಸಬೇಕೆಂದರೆ ಸಿನಿಮಾದವರ ಹಕ್ಕು, ಒಪ್ಪಿಗೆ ಎಲ್ಲ ಬೇಕು. ಇಲ್ಲದ ನಟನನ್ನು ಹುಟ್ಟಿಸಲು ಯಾರಪ್ಪನ ಅಪ್ಪಣೆಯೂ ಬೇಡ. ಮಿಡ್‌ವೇ ಮಾಡಿದ್ದೂ ಇದನ್ನೇ.

ಬೆಂಗಳೂರಿನಲ್ಲಿ ಹುಟ್ಟಿದ್ದು, ಕನ್ನಡ ಬಾರದ್ದು

೨೦೨೦ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧ ಆಯಿತು. ಅದರ ಬೆನ್ನಿಗೇ ಹಿಂದಿಯ ಫೈಟಿಂಗ್ ಹೀರೋ ಅಕ್ಷಯ್ ಕುಮಾರ್ ಒಂದು ಸ್ವದೇಶಿ ಆಟ ಘೋಷಿಸಿದರು, ‘ಫೌ-ಜಿ’. ಮಾಡಿದ್ದು ಎನ್‌ಕೋರ್ ಗೇಮ್ಸ್, ನಮ್ಮ ಬೆಂಗಳೂರಿನ ಕಂಪನಿ. ೨೦೨೧ರ ಜನವರಿ ೨೬ಕ್ಕೆ ಬಿಡುಗಡೆ. ಯಾವ ಯಾವ ಭಾಷೆಯಲ್ಲಿ ಬಂತು? ಇಂಗ್ಲಿಷ್, ಹಿಂದಿ, ತಮಿಳು. ಕಾವೇರಿ ನೀರು ಕುಡಿದು, ಬೆಂಗಳೂರಿನ ಕರೆಂಟು ಉರಿಸಿ ಮಾಡಿದ ಆಟಕ್ಕೆ ಮೊದಲ ದಿನ ಕನ್ನಡ ನೆನಪಾಗಲಿಲ್ಲ! ತಮಿಳು ಹಾಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ, ಅವರು ಕೇಳಿ ಪಡೆಯುವ ಜನ. ನಾವು ಕೇಳಿದೆವಾ?

ಕೇಳಿದರೆ ಏನು ಉತ್ತರ ಬರುತ್ತದೆ ಅನ್ನುವುದೂ ನನಗೆ ಗೊತ್ತು. ‘ಕನ್ನಡ ಅಕ್ಷರ ಸರಿಯಾಗಿ ಕೂರಲ್ಲ ಸಾರ್, ಒತ್ತಕ್ಷರ ಒಡೆದುಹೋಗುತ್ತೆ.’ ಇದರಲ್ಲಿ ಅರ್ಧ ನಿಜ ಇದೆ. ಆಟ ಕಟ್ಟುವ ಎಷ್ಟೋ ಸಾಫ್ಟ್‌ವೇರುಗಳು ಇಂಗ್ಲಿಷಿನ ಹಾಗೆ ಅಕ್ಷರದ ಪಕ್ಕ ಅಕ್ಷರ ಇಡುವುದನ್ನಷ್ಟೇ ಕಲಿತಿವೆ. ‘ಶಕ್ತಿ’ ಅಂತ ಹೊಡೆದರೆ ತಕಾರದ ಒತ್ತು ಕೆಳಗೆ ಹೋಗದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಆದರೆ ಈ ಕತೆ ಪ್ರೆಸ್ಸಿನವನ ಹತ್ತಿರ ಹೇಳಬೇಡಿ. ನಮ್ಮಪ್ಪನ ಕಾಲದಲ್ಲಿ ಸೀಸದ ಮೊಳೆ ಜೋಡಿಸುವಾಗ ಇಂಗ್ಲಿಷಿಗೆ ಒಂದು ಪೆಟ್ಟಿಗೆ ಸಾಕಾಗುತ್ತಿತ್ತು, ಕನ್ನಡಕ್ಕೆ ಗೋಡೆ ತುಂಬ ಖಾನೆ ಬೇಕಿತ್ತು, ಒತ್ತಿನ ಮೊಳೆಯೇ ಬೇರೆ. ಆದರೂ ಪತ್ರಿಕೆ ಬಂತು, ಪುಸ್ತಕ ಬಂತು. ಕಂಪ್ಯೂಟರ್ ಬಂದಾಗಲೂ ಇದೇ ರಾಗ ಹಾಡಿದರು. ಕೆ.ಪಿ. ರಾವ್ ಅಂಥವರು ಕೂತು ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು, ‘ನುಡಿ’ ಬಂತು, ಯೂನಿಕೋಡ್ ಬಂತು. ಈಗ ೨೦೨೩ರಲ್ಲಿ ಬಂದ ‘ಗೋಡೋ ೪’ ಅನ್ನುವ ಸಾಫ್ಟ್‌ವೇರು, ಅದೂ ಪುಕ್ಕಟೆ ಸಿಗುವುದು, ಒತ್ತಕ್ಷರಗಳನ್ನು ಕೂರಿಸುವ ಏರ್ಪಾಡನ್ನು ಒಳಗೇ ಇಟ್ಟುಕೊಂಡು ಬಂದಿದೆ. ಹೀಗಿರುವಾಗ ಒತ್ತಕ್ಷರದ ನೆಪ ಹೇಳುವವನಿಗೆ ಕಷ್ಟ ಇರುವುದು ಅಕ್ಷರದಲ್ಲಲ್ಲ, ಮನಸ್ಸಿನಲ್ಲಿ.

ಸರ್ಕಾರಕ್ಕೂ ಎರಡು ಮಾತು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ದೇಶದಲ್ಲೇ ಮೊದಲು, ೨೦೧೨ರಲ್ಲಿ, ನೀತಿ ತಂದ ರಾಜ್ಯ ನಮ್ಮದು ಅಂತ ಎದೆ ತಟ್ಟಿಕೊಳ್ಳುತ್ತೀರಿ. ೨೦೨೪ರಿಂದ ೨೦೨೯ರವರೆಗೆ ಹೊಸ ನೀತಿಯೂ ಬಂದಿದೆ. ಸಂತೋಷ. ನಮ್ಮ ತೆರಿಗೆ ದುಡ್ಡಿನ ಒಂದು ಪೈಸೆ ಪಡೆಯುವ ಯಾವ ಆಟವೇ ಆಗಲಿ, ಅದರ ಭಾಷೆಯ ಪಟ್ಟಿಯಲ್ಲಿ ಕನ್ನಡ ಇರಲೇಬೇಕು ಅಂತ ಒಂದು ಸಾಲಿನ ಷರತ್ತು ಹಾಕಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಕನ್ನಡದಲ್ಲಿ ಬರೆ​ದುಕೊಡಿ.

ನಮ್ಮ ಕಡೆಯವರಿಗೂ ಬೈಗುಳ ಬಾಕಿ ಇದೆ. ನಾಮಫಲಕಕ್ಕಾಗಿ ನಾವು ಬೀದಿಗಿಳಿದೆವು. ೨೦೨೩ರ ಡಿಸೆಂಬರ್ ೨೭ರಂದು ದೇವನಹಳ್ಳಿ ರಸ್ತೆಯ ಸಾದಹಳ್ಳಿ ಟೋಲಿನ ಹತ್ತಿರ ಏನಾಯಿತು ಅಂತ ಎಲ್ಲರಿಗೂ ನೆನಪಿದೆ, ಎಷ್ಟೋ ಹುಡುಗರು ಜೈಲಿಗೆ ಹೋಗಿ ಬಂದರು. ೨೦೨೪ರ ತಿದ್ದುಪಡಿಯಿಂದ ಬೋರ್ಡಿನಲ್ಲಿ ಶೇಕಡ ೬೦ ಕನ್ನಡ ಕಾನೂನಾಯಿತು. ಒಳ್ಳೆಯದೇ ಆಯಿತು. ಆದರೆ ನಮ್ಮ ಮಕ್ಕಳು ಬೋರ್ಡು ನೋಡುವುದು ದಿನಕ್ಕೆ ಎರಡು ನಿಮಿಷ, ಕೈಯಲ್ಲಿರುವ ಗಾಜು ನೋಡುವುದು ನಾಲ್ಕು ಗಂಟೆ. ಗೋಡೆ ಮೇಲೆ ಶೇಕಡ ೬೦, ಜೇಬಿನೊಳಗೆ ಸೊನ್ನೆ! ಈ ಮಾತು ಸಭೆಯಲ್ಲಿ ಎತ್ತಿದರೆ ನಮ್ಮ ಹಿರಿಯರ ಉತ್ತರ: ‘ಗೇಮು ಮಕ್ಕಳನ್ನ ಹಾಳು ಮಾಡುತ್ತಪ್ಪ, ಅದನ್ನೇ ನಿಲ್ಲಿಸಬೇಕು.’ ಸಿನಿಮಾ ಬಂದಾಗಲೂ ಹೀಗೇ ಅಂದಿದ್ದರು. ಡಬ್ಬಿಂಗ್ ಬೇಕು ಬೇಡ ಅನ್ನುವ ಜಗಳವನ್ನು ೨೦೧೫ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ಎಳೆದೆವು. ಅದರಲ್ಲಿ ಯಾರು ಸರಿ ಅನ್ನುವುದು ಬೇರೆ ಮಾತು. ಹೊರಗಿನದು ಬಂದರೆ ನಮ್ಮದು ಸಾಯುತ್ತದೆ ಅನ್ನುವ ಭಯಕ್ಕೆ ಅಲ್ಲಿ ಒಂದು ಅರ್ಥವಾದರೂ ಇತ್ತು, ನಮ್ಮದು ಅಂತ ಒಂದು ಸಿನಿಮಾರಂಗ ಇತ್ತು. ಆಟದಲ್ಲಿ ಸಾಯಲಿಕ್ಕೆ ನಮ್ಮದು ಎಲ್ಲಿದೆ?

ಕಂಪ್ಯೂಟರೂ ಬೇಡ, ಕಾಗದ ಸಾಕು

‘ಅಣ್ಣ, ಆಟ ಮಾಡೋಕೆ ಕೋಟಿಗಟ್ಟಲೆ ಬೇಕು’ ಅನ್ನುವವರಿಗೆ ನನ್ನ ಕಸುಬಿನ ಕಡೆಯಿಂದ ಒಂದು ಸಮಾಚಾರ. ಈ ರೋಲ್ ಪ್ಲೇಯಿಂಗ್ ಅನ್ನುವುದು ಕಂಪ್ಯೂಟರಿನಲ್ಲಿ ಹುಟ್ಟಲಿಲ್ಲ, ಪ್ರೆಸ್ಸಿನಲ್ಲಿ ಹುಟ್ಟಿತು. ೧೯೭೪ರಲ್ಲಿ ಅಮೆರಿಕದಲ್ಲಿ ಗೈಗ್ಯಾಕ್ಸ್, ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರು. ಏನು ಅದು? ಒಂದು ಡಬ್ಬಿ, ಅದರಲ್ಲಿ ಮೂರು ಸಣ್ಣ ಪುಸ್ತಿಕೆ. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಬರೀ ಕಾಗದ, ಪೆನ್ಸಿಲ್ಲು, ದಾಳ. ನಾಲ್ಕು ಜನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಬಾಯಲ್ಲಿ ಕತೆ ನಡೆಸುತ್ತಾರೆ, ಹೊಡೆದಾಟ ಬಂದಾಗ ದಾಳ ಉರುಳಿಸುತ್ತಾರೆ. ೧೯೯೬ರಲ್ಲಿ ರಾಬಿನ್ ಲಾಸ್ ಎಂಬುವವರು ಇದೇ ದಾರಿಯಲ್ಲಿ ‘ಫೆಂಗ್ ಶುಯಿ’ ಅಂತ ಮಾಡಿದರು, ಅದು ಪೂರ್ತಿ ಹಾಂಕಾಂಗ್ ಫೈಟಿಂಗ್ ಸಿನಿಮಾಗಳ ಪಾತ್ರಗಳದ್ದೇ ಆಟ. ಒಬ್ಬ ಸಾಮುಗಾರ, ಒಬ್ಬ ಮುದಿ ಗುರು, ಒಬ್ಬ ಮಾತು ಕೇಳದ ಪೊಲೀಸು, ಬೇಕಾದ್ದು ಆರಿಸಿಕೊಂಡು ಕೂರಬಹುದು.

ದಾಳ ನಮಗೆ ಹೊಸದಾ? ಕುರುಕ್ಷೇತ್ರ ಶುರುವಾಗಿದ್ದೇ ದಾಳದಿಂದ. ಸಾವಿರ ಪ್ರತಿ ಪುಸ್ತಿಕೆ ನನ್ನಂಥ ಸಣ್ಣ ಪ್ರೆಸ್ಸಿಗೂ ಎರಡು ದಿನದ ಕೆಲಸ. ಬಾಯಲ್ಲಿ ಆಡುವ ಆಟ ಆದ್ದರಿಂದ ಒತ್ತಕ್ಷರದ ನೆಪವೂ ಇಲ್ಲ, ಆಡಬೇಕಾದರೆ ಕನ್ನಡದಲ್ಲಿ ಮಾತಾಡಲೇಬೇಕು.

ಆದ್ದರಿಂದ ಮಾತು ಕೊಡುತ್ತೇನೆ. ನಿಮ್ಮಲ್ಲಿ ನಾಲ್ಕೈದು ಜನ ಕೂತು ಕನ್ನಡ ಫೈಟಿಂಗ್ ಸಿನಿಮಾದ ಒಂದು ಪಾತ್ರದಾಟ ಬರೆಯಿರಿ. ಡೂಪ್ ದೊರೆ ಇರಲಿ, ಜಟ್ಟಿ ಇರಲಿ, ಹಾರ್ಮೋನಿಯಂ ಮೇಷ್ಟ್ರು ಇರಲಿ, ಹೆಣ್ಣುಮಕ್ಕಳಿಗೆ ಬರೀ ದ್ರೌಪದಿ ಕೊಟ್ಟು ಮೂಲೆಗೆ ಕೂರಿಸಬೇಡಿ, ಫೈಟ್ ಮಾಸ್ಟರ್ ಮಾಡಿ. ನಲವತ್ತೆಂಟು ಪುಟಕ್ಕೆ ಮೀರದಿದ್ದರೆ ಡಿಟಿಪಿ, ಪ್ಲೇಟು, ಪ್ರಿಂಟಿಂಗ್ ನನ್ನದು. ಕಾಗದ ಮತ್ತು ಬೈಂಡಿಂಗ್ ಖರ್ಚು ನಿಮ್ಮದು. ಪ್ರೂಫು ಮಾತ್ರ ನೀವೇ ಎರಡು ಸಲ ನೋಡಬೇಕು, ತಪ್ಪು ಕನ್ನಡ ನನ್ನ ಮೆಷಿನ್ ಮೇಲೆ ಏರುವುದಿಲ್ಲ.

ಬರೆಯಲು ಕೂರುವ ಮೊದಲು ನಿಮ್ಮ ಊರಿನ ಗರಡಿಗೆ ಒಂದು ನೋಟ್‌ಬುಕ್ ಹಿಡಿದು ಹೋಗಿ, ಪಟ್ಟುಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ. ವಯಸ್ಸಾದ ಪೈಲ್ವಾನರು ಬೆಳಗ್ಗೆ ಆರಕ್ಕೆಲ್ಲ ಬಂದಿರುತ್ತಾರೆ, ಎಂಟರ ಮೇಲೆ ಹೋದರೆ ಸಿಗುವುದಿಲ್ಲ.